ನೆಟ್ಟಗೆ ನಿಲ್ಲಲು ಬಿಡದ ಸ್ನಾಯು

ಅಸರ್ ಬಾಂಗ್ ಕೇಳಿದೊಡನೆ ಬೀಡಿಯ ಗೆರಸೆಯನ್ನು ಬದಿಗಿಟ್ಟು ಏಳುತ್ತೀರಿ. ಆದರೆ ಸೊಂಟ ಕೂಡಲೇ ನೆಟ್ಟಗಾಗುವುದಿಲ್ಲ. ನಾಲ್ಕು ಹೆಜ್ಜೆ ಬಾಗಿಕೊಂಡೇ ನಡೆಯುತ್ತೀರಿ. ವಯಸ್ಸಾಯಿತು ಎಂದುಕೊಳ್ಳುತ್ತೀರಿ. ಮೂವತ್ತೈದಕ್ಕೆ ಎಂಥ ವಯಸ್ಸು ಸಹೋದರಿ? ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸಹೋದರರದ್ದೂ, ಮದ್ರಸದಲ್ಲಿ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕುವ ನಮ್ಮಂತಹ ಉಸ್ತಾದರದ್ದೂ ಇದೇ ಪಾಡು.

ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಹೊಟ್ಟೆಯ ಒಳಗಿನಿಂದ ಇಳಿದು, ತೊಡೆಸಂದಿಯನ್ನು ದಾಟಿ ತೊಡೆಯೆಲುಬಿನ ಒಳಬದಿಗೆ ಅಂಟಿಕೊಳ್ಳುವ ಸ್ನಾಯುವೊಂದಿದೆ. ವೈದ್ಯರು ಇದನ್ನು ‘ಸೋವಾಸ್’ ಎನ್ನುತ್ತಾರೆ. ತೊಡೆಯನ್ನು ಮೇಲೆತ್ತುವುದು, ಸೊಂಟ ಮಡಚುವುದು ಇದರ ಮತ್ತು ಇದರ ಜೊತೆಗಾರ ಸ್ನಾಯುಗಳ ಕೆಲಸ. ಕುಳಿತಾಗ ಇದು ಗಿಡ್ಡಗಾಗಿರುತ್ತದೆ. ದಿನವಿಡೀ ಹಾಗೆಯೇ ಇದ್ದರೆ ಬಿಗಿಯುವುದೂ ಉಂಟು. ಆಮೇಲೆ ನೀವು ನಿಂತಾಗ ಅದು ಸಡಿಲಗೊಳ್ಳದೆ ಸೊಂಟದ ಎಲುಬನ್ನು ಮುಂದಕ್ಕೆ ಎಳೆಯುತ್ತದೆ. ಕೆಳಬೆನ್ನು ಒಳಕ್ಕೆ ಬಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ನೋವು ಬೆನ್ನಿನಲ್ಲಿ, ಎಳೆತ ಮುಂದೆ! ಬೆನ್ನಿಗೆ ಎಷ್ಟು ಮುಲಾಮು ಹಚ್ಚಿದರೇನು?

ನಮಾಝ್ ಮಾಡುವವರಿಗೆ ಬೇರೆ ವ್ಯಾಯಾಮ ಬೇಕಿಲ್ಲ ಎನ್ನುವವರಿದ್ದಾರೆ. ನಮಾಝ್ ಆರಾಧನೆ, ಅದನ್ನು ಕಸರತ್ತೆಂದು ಪರಿಚಯಿಸುವುದು ನನಗೆ ಸರಿಕಾಣುವುದಿಲ್ಲ. ಅಲ್ಲದೆ ರುಕೂ, ಸುಜೂದ್, ಅತ್ತಹಿಯ್ಯಾತ್ ಮೂರರಲ್ಲೂ ಸೊಂಟ ಮಡಚಿಯೇ ಇರುತ್ತದೆ. ಈ ಸ್ನಾಯು ನೀಳವಾಗುವುದು ನೆಟ್ಟಗೆ ನಿಂತಾಗ ಮಾತ್ರ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದೆ, ನಿಜ. ಆದರೆ ಕುರ್ಚಿ ಹಿಡಿಯುವ ಮೊದಲು ನಿಲ್ಲಲಾಗದಿರುವುದು ಏಕೆಂದು ತಿಳಿಯಬೇಡವೇ?

ಮನೆಯಲ್ಲೇ ಪರೀಕ್ಷಿಸಿ ನೋಡಿ. ಮಂಚದ ಅಂಚಿಗೆ ಬಂದು ಅಂಗಾತ ಮಲಗಿ, ಒಂದು ಮೊಣಕಾಲನ್ನು ಎದೆಗೆ ಅಪ್ಪಿಕೊಂಡು ಇನ್ನೊಂದು ಕಾಲನ್ನು ಅಂಚಿನಿಂದ ಕೆಳಗೆ ಸಡಿಲ ಬಿಡಿ. ಆ ತೊಡೆ ಮಂಚಕ್ಕೆ ತಾಗದೆ ಮೇಲೆಯೇ ನಿಂತರೆ ಸ್ನಾಯು ಬಿಗಿದಿರುವ ಸಾಧ್ಯತೆ ಇದೆ.

ಸಡಿಲಿಸಲು, ಮಡಚಿದ ಬಟ್ಟೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಪಾದವನ್ನು ಮುಂದಿಡಿ. ಪೃಷ್ಠವನ್ನು ಬಿಗಿಹಿಡಿದು ಸೊಂಟವನ್ನು ಸ್ವಲ್ಪವೇ ಮುಂದಕ್ಕೆ ತನ್ನಿ. ಬೆನ್ನು ಹಿಂದಕ್ಕೆ ಬಾಗಬಾರದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೊಣಕಾಲೂರಿದ ಬದಿಯ ತೊಡೆಸಂದಿಯಲ್ಲಿ ಎಳೆತ ತಿಳಿಯಬೇಕು, ನೋವಾಗಬಾರದು. 30 ಸೆಕೆಂಡು ಹಾಗೆಯೇ ಇದ್ದು, ಎರಡೂ ಬದಿಗೆ ಎರಡು ಮೂರು ಸಲ ಮಾಡಿ. ವಾರಗಟ್ಟಲೆ ತಾಳ್ಮೆ ಬೇಕು. ಬೀಡಿ ಕಟ್ಟುವಾಗ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದವರೆಗಾದರೂ ನಡೆದು ಬನ್ನಿ.

ಗರ್ಭಿಣಿಯರೂ ಮೊಣಕಾಲು ನೋವಿನವರೂ ವೈದ್ಯರನ್ನು ಕೇಳಿಯೇ ಮಾಡಲಿ. ಎಲ್ಲ ಬೆನ್ನುನೋವಿಗೂ ಈ ಸ್ನಾಯುವೇ ಕಾರಣವಲ್ಲ. ಕಾಲು ಜೋಮು ಹಿಡಿಯುತ್ತಿದ್ದರೆ, ಬಲ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಇದನ್ನೆಲ್ಲ ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.