ಎರಡನೆಯ ಸಲದ ಸ್ವಿಟ್ಜರ್ಲೆಂಡ್

ಸ್ವಿಟ್ಜರ್ಲೆಂಡಿಗೆ ಮೊದಲ ಸಲ ಹೋಗುವ ಭಾರತೀಯರು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಜ್ಯೂರಿಕ್‌ನಲ್ಲಿ ಇಳಿದು ಲೂಸರ್ನ್‌ನ ಮರದ ಸೇತುವೆ, ಟಿಟ್ಲಿಸ್‌ನ ಹಿಮ, ಇಂಟರ್‌ಲಾಕನ್‌ನಲ್ಲಿ ಎರಡು ರಾತ್ರಿ, 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್ ರೈಲು ನಿಲ್ದಾಣ, ಅಲ್ಲಿಗೆ ಮುಗಿಯಿತು. ಈ ದಾರಿಯನ್ನು ಅರ್ಧಕ್ಕರ್ಧ ಹಾಕಿಕೊಟ್ಟದ್ದು ಹಿಂದಿ ಸಿನಿಮಾ. ಇಂಟರ್‌ಲಾಕನ್‌ನಲ್ಲಿ 2016ರಿಂದ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯೇ ನಿಂತಿದೆ. ಮೊದಲ ಸಲಕ್ಕೆ ಅದರಲ್ಲಿ ತಪ್ಪೇನೂ ಇಲ್ಲ. ಎರಡನೆಯ ಸಲ ಹೊರಟವರಿಗೆ ನೋಡಲೇಬೇಕಾದ್ದೆಲ್ಲ ನೋಡಿ ಆಗಿರುತ್ತದೆ. ಅವರು ಶಿಖರಗಳ ಪಟ್ಟಿ ಬದಿಗಿಟ್ಟು ಒಂದು ರೈಲು ಮಾರ್ಗವನ್ನೇ ಪ್ರವಾಸದ ಬೆನ್ನೆಲುಬು ಮಾಡಿಕೊಂಡು, ಅದರ ಉದ್ದಕ್ಕೂ ಇರುವ ಸಣ್ಣ ಊರುಗಳಲ್ಲಿ ತಂಗಬಹುದು.

ದೇಶ ಚಿಕ್ಕದು, ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ. ಹಾಗಾಗಿ ದಿನಕ್ಕೊಂದು ಮೂಲೆ ಮುಟ್ಟಿ ಬರುವ ಆಸೆ ಸಹಜ. ಆದರೆ ಅಲ್ಲಿ ನಕ್ಷೆಯ ದೂರಕ್ಕೂ ಹಳಿಯ ದೂರಕ್ಕೂ ತಾಳೆಯಾಗುವುದಿಲ್ಲ. ಎದುರಿಗೇ ಕಾಣುವ ಕಣಿವೆಗೆ ಬೆಟ್ಟ ಸುತ್ತಿ ಹೋಗಬೇಕು. ಒಂದೇ ಸೀಮೆಯಲ್ಲಿ ಏಳೆಂಟು ದಿನ ಉಳಿಯುವುದು ಮೇಲು. ಅದಕ್ಕೆ ಹೇಳಿ ಮಾಡಿಸಿದ್ದು ಆಗ್ನೇಯದ ಗ್ರಾವ್‌ಬ್ಯೂಂಡನ್ ಪ್ರಾಂತ. ವಿಸ್ತಾರದಲ್ಲಿ ಇದೇ ದೇಶದ ಅತಿ ದೊಡ್ಡ ಪ್ರಾಂತ. ಜರ್ಮನ್, ರೊಮಾನ್ಶ್, ಇಟಾಲಿಯನ್ ಮೂರನ್ನೂ ಆಡಳಿತ ಭಾಷೆಯಾಗಿ ಉಳ್ಳ ಪ್ರಾಂತವೂ ಇದೊಂದೇ. ಇದರ ಕಣಿವೆಗಳನ್ನು ಹೆಣೆದಿರುವುದು ರೇಷಿಯನ್ ರೈಲ್ವೆಯ ಕೆಂಪು ಬಣ್ಣದ ಮೀಟರ್ ಗೇಜ್ ಗಾಡಿಗಳು.

ಈ ಜಾಲದಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಆಲ್ಬುಲಾ ಮತ್ತು ಬೆರ್ನಿನಾ ಮಾರ್ಗ. ಟೂಸಿಸ್‌ನಿಂದ ಸೇಂಟ್ ಮೊರಿಟ್ಸ್‌ವರೆಗೆ ಆಲ್ಬುಲಾ, ಅಲ್ಲಿಂದ ಇಟಲಿಯ ಗಡಿ ದಾಟಿ ಟಿರಾನೋ ಪಟ್ಟಣದವರೆಗೆ ಬೆರ್ನಿನಾ. ಎರಡೂ ಸೇರಿ 196 ಸೇತುವೆ, 55 ಸುರಂಗ. ಯುನೆಸ್ಕೊ 2008ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕಾಲ್ಕಾ–ಶಿಮ್ಲಾ ರೈಲಿಗೆ ಆ ಗೌರವ ಸಿಕ್ಕಿದ್ದೂ ಅದೇ ವರ್ಷ.

ಆಲ್ಬುಲಾ ಮಾರ್ಗ 1903ರಲ್ಲಿ ಶುರುವಾಯಿತು. ಫಿಲಿಸೂರ್ ಬರುವ ಮುನ್ನ ಲಾಂಡ್‌ವಾಸರ್ ಸೇತುವೆ ಸಿಗುತ್ತದೆ. ನದಿಯಿಂದ 65 ಮೀಟರ್ ಮೇಲೆ ಆರು ಕಲ್ಲಿನ ಕಮಾನುಗಳ ಮೇಲೆ ಗಾಡಿ ಬಾಗುತ್ತ ಹೋಗಿ, ಎದುರಿನ ಕಡಿದಾದ ಬಂಡೆಯ ಸುರಂಗಕ್ಕೆ ನೇರ ನುಗ್ಗುತ್ತದೆ. ಎಲ್ಲರೂ ಫೋಟೊ ತೆಗೆಯುವುದು ಇದನ್ನೇ. ಆದರೆ ಎಂಜಿನಿಯರುಗಳ ನಿಜವಾದ ಜಾಣ್ಮೆ ಕಾಣುವುದು ಮುಂದಿನ ಬೆರ್ಗ್ಯೂನ್ ಮತ್ತು ಪ್ರೇಡಾ ನಡುವೆ. ಎರಡು ಊರುಗಳ ಎತ್ತರದಲ್ಲಿ 400 ಮೀಟರಿಗೂ ಹೆಚ್ಚು ಅಂತರ. ನೇರ ಹಳಿ ಹಾಕಿದ್ದರೆ ಗಾಡಿ ಏರುತ್ತಿರಲಿಲ್ಲ. ಅದಕ್ಕೆ ಕಣಿವೆಯ ಆಚೆ ಬದಿಗೊಮ್ಮೆ ಈಚೆ ಬದಿಗೊಮ್ಮೆ ದಾಟಿಸಿ, ಬೆಟ್ಟದ ಹೊಟ್ಟೆಯೊಳಗೆ ಸುತ್ತು ಹಾಕಿಸಿ, ಹಳಿಯನ್ನು ಸುಮಾರು ದುಪ್ಪಟ್ಟು ಉದ್ದ ಎಳೆದಿದ್ದಾರೆ. ಕಿಟಕಿಯಲ್ಲಿ ಕುಳಿತವರಿಗೆ ಈಗಷ್ಟೇ ಬಂದ ಹಳಿ ಕಾಲಡಿಯಲ್ಲಿ ಕಾಣುತ್ತದೆ, ಇನ್ನು ಹೋಗಬೇಕಾದ ಸೇತುವೆ ತಲೆಯ ಮೇಲೆ. ಮೂರನೆಯ ಸುತ್ತಿಗೆ ದಿಕ್ಕು ಪೂರ್ತಿ ತಪ್ಪಿರುತ್ತದೆ. 2022ರ ಅಕ್ಟೋಬರ್ 29ರಂದು ಇದೇ ಇಳಿಜಾರಿನಲ್ಲಿ ನೂರು ಬೋಗಿಗಳ, 1,910 ಮೀಟರ್ ಉದ್ದದ ಗಾಡಿ ಓಡಿಸಿ ವಿಶ್ವದಾಖಲೆ ಮಾಡಿದರು. ಪ್ರೇಡಾದಲ್ಲಿ ಶುರುವಾಗುವ ಆಲ್ಬುಲಾ ಸುರಂಗಕ್ಕೆ ನೂರು ವರ್ಷ ದಾಟಿದ್ದರಿಂದ ಪಕ್ಕದಲ್ಲೇ ಹೊಸದನ್ನು ಕೊರೆದು 2024ರ ಜೂನ್‌ನಲ್ಲಿ ತೆರೆದಿದ್ದಾರೆ.

ಬೆರ್ನಿನಾ ಮಾರ್ಗದ ಸ್ವಭಾವವೇ ಬೇರೆ. 1908 ಮತ್ತು 1910ರ ನಡುವೆ ಹಂತಹಂತವಾಗಿ ತೆರೆದ ಇದು ಘಟ್ಟವನ್ನು ಸುರಂಗದಲ್ಲಿ ತಪ್ಪಿಸಿಕೊಳ್ಳದೆ ನೆತ್ತಿಯ ಮೇಲೇ ಹತ್ತಿ ಇಳಿಯುತ್ತದೆ. ಏರು ನೂರಕ್ಕೆ ಏಳು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಅದು ನೂರಕ್ಕೆ ಎರಡು. ಊಟಿ ರೈಲು ಇನ್ನೂ ಕಡಿದಾದ ಏರು ಹತ್ತುತ್ತದೆ ನಿಜ, ಆದರೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು. ಆ ಹಲ್ಲುಪಟ್ಟಿಯ ವಿಧಾನ ಸ್ವಿಸ್ ಎಂಜಿನಿಯರ್ ರೋಮಾನ್ ಆಪ್ಟ್ ಅವರದು, ಅಲ್ಲಿ ಓಡಿದ ಹಳೆಯ ಉಗಿಬಂಡಿಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಪಟ್ಟಣದ ಕಾರ್ಖಾನೆಯವು. ಬೆರ್ನಿನಾ ಗಾಡಿಗೆ ಅಂಥ ಆಸರೆಯಿಲ್ಲ. ಬರಿಯ ಚಕ್ರ ಮತ್ತು ಹಳಿಯ ಹಿಡಿತದ ಮೇಲೆ ಹತ್ತುತ್ತದೆ.

ತುತ್ತತುದಿ ಓಸ್ಪಿಜಿಯೊ ಬೆರ್ನಿನಾ, 2,253 ಮೀಟರ್. ನಿಲ್ದಾಣದ ಪಕ್ಕದಲ್ಲಿ ಎರಡು ಕೆರೆ. ಕಪ್ಪು ಕೆರೆ ಎಂಬ ಹೆಸರಿನ ಲೇಯ್ ನೈರ್‌ನ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಕೆರೆ ಲಾಗೊ ಬಿಯಾಂಕೊದ್ದು ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ಅಲ್ಲಿಂದ ನಲವತ್ತು ಕಿಲೊಮೀಟರ್ ಒಳಗೆ ಗಾಡಿ 1,800 ಮೀಟರ್ ಇಳಿದು 429 ಮೀಟರ್ ಎತ್ತರದ ಟಿರಾನೋ ತಲುಪುತ್ತದೆ. ಹಿಮನದಿಯ ಬುಡದಲ್ಲಿ ಹತ್ತಿದವರು ಎರಡು ತಾಸಿನೊಳಗೆ ದ್ರಾಕ್ಷಿ ತೋಟದ ನಡುವೆ ಇರುತ್ತಾರೆ. ದಾರಿಯಲ್ಲಿ ಬ್ರೂಸಿಯೊ ಎಂಬಲ್ಲಿ ಬಯಲಿನಲ್ಲೇ ಒಂಬತ್ತು ಕಮಾನಿನ ಸುರುಳಿ ಸೇತುವೆಯಿದೆ. ಗಾಡಿ ಅದರ ಮೇಲೆ ಹೋಗಿ, ಸುತ್ತಿ ಬಂದು, ಅದೇ ಸೇತುವೆಯ ಕಮಾನಿನ ಕೆಳಗೆ ತೂರುತ್ತದೆ. ಟಿರಾನೋ ಕಡೆಗೆ ಹೋಗುವಾಗ ಬಲಬದಿಯ ಕಿಟಕಿ ಹಿಡಿಯಬೇಕು.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಬೆರ್ನಿನಾ ಎಕ್ಸ್‌ಪ್ರೆಸ್ ಎಂಬುದೇ ಈ ಮಾರ್ಗ ಎಂದುಕೊಂಡು, ಅದರಲ್ಲಿ ಸೀಟು ಸಿಗದಿದ್ದರೆ ಪ್ರವಾಸವೇ ಕೆಟ್ಟಿತು ಎಂದು ಬೇಸರಪಡುತ್ತಾರೆ. ಎಕ್ಸ್‌ಪ್ರೆಸ್ಸಿಗೆ ಮುಂಗಡ ಸೀಟು ಕಡ್ಡಾಯ, ಅದಕ್ಕೆ ಬೇರೆ ಶುಲ್ಕ. ಚಾವಣಿಯವರೆಗೆ ಗಾಜು ಇರುತ್ತದೆ ನಿಜ, ಆದರೆ ಆ ಗಾಜು ತೆರೆಯುವುದಿಲ್ಲ, ಫೋಟೊದಲ್ಲಿ ಹಿಮದ ಜೊತೆ ಎದುರು ಸೀಟಿನವರ ಅಂಗಿಯೂ ಬೀಳುತ್ತದೆ. ಅದೇ ಹಳಿಯ ಮೇಲೆ ಗಂಟೆಗೊಂದು ಸಾಮಾನ್ಯ ಗಾಡಿ ಓಡುತ್ತದೆ. ಅದಕ್ಕೆ ರಿಸರ್ವೇಶನ್ ಬೇಡ, ಕೆಲವು ಬೋಗಿಗಳ ಕಿಟಕಿ ಇಳಿಸಬಹುದು, ಬೇಸಿಗೆಯಲ್ಲಿ ಕೆಲವು ಗಾಡಿಗಳಿಗೆ ಚಾವಣಿಯೇ ಇಲ್ಲದ ಹಳದಿ ಬೋಗಿ ಜೋಡಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದಲ್ಲಿ ಇಳಿಯಬಹುದು. ಸಣ್ಣ ನಿಲ್ದಾಣಗಳಲ್ಲಿ ಕೇಳಿದರಷ್ಟೇ ಗಾಡಿ ನಿಲ್ಲುತ್ತದೆ. ಒಳಗಿದ್ದವರು ಬಾಗಿಲ ಬಳಿಯ ಗುಂಡಿ ಒತ್ತಬೇಕು, ಪ್ಲಾಟ್‌ಫಾರ್ಮಿನಲ್ಲಿ ಕಾಯುವವರು ಕಂಬದ ಗುಂಡಿ. ಮರೆತರೆ ಗಾಡಿ ಮುಂದಕ್ಕೆ ಹೋಗಿರುತ್ತದೆ, ಮುಂದಿನದು ಒಂದು ತಾಸಿಗೆ.

ಮೊರ್ಟೆರಾಚ್‌ನಲ್ಲಿ ಇಳಿಯುವುದಂತೂ ಬಿಡಬಾರದು. ರೈಲು ಬಂದ ಕಾಲಕ್ಕೆ ನಿಲ್ದಾಣದ ಹತ್ತಿರವೇ ಇದ್ದ ಹಿಮನದಿ ಈಗ ಕಣಿವೆಯ ಮೇಲಕ್ಕೆ ಸರಿದುಹೋಗಿದೆ. ಅದರ ಕಡೆಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿ ಯಾವ ವರ್ಷ ಹಿಮದ ಅಂಚು ಎಲ್ಲಿತ್ತು ಎಂದು ಸೂಚಿಸುವ ಇಸವಿಗಳ ಫಲಕಗಳಿವೆ. ಇಸವಿ ಹತ್ತಿರವಾದಂತೆ ಫಲಕಗಳ ನಡುವಿನ ನಡಿಗೆ ಉದ್ದವಾಗುತ್ತ ಹೋಗುತ್ತದೆ.

ತಂಗಲು ಸೇಂಟ್ ಮೊರಿಟ್ಸ್ ಬೇಡ. ದುಬಾರಿ ಊರು, ಅಂಗಡಿ ಸಾಲು ಬಿಟ್ಟರೆ ಹೆಚ್ಚೇನಿಲ್ಲ. ಆಲ್ಬುಲಾ ಬದಿಯಲ್ಲಿ ಬೆರ್ಗ್ಯೂನ್ ಒಳ್ಳೆಯದು; ರೈಲು ಮ್ಯೂಸಿಯಂ ನಿಲ್ದಾಣದ ಹತ್ತಿರವೇ ಇದೆ. ಬೆರ್ನಿನಾದ ಆಚೆ ಬದಿಗೆ ಪೊಸ್ಕಿಯಾವೊ. ಈ ಊರಿನ ಜನ ಒಂದು ಕಾಲಕ್ಕೆ ಸ್ಪೇನ್ ಮೊದಲಾದ ಕಡೆ ಹೋಗಿ ಮಿಠಾಯಿ ಅಂಗಡಿ, ಕಾಫಿ ಅಂಗಡಿ ಇಟ್ಟು ಗಳಿಸಿ, ಹಿಂತಿರುಗಿ ಬಣ್ಣಬಣ್ಣದ ಮನೆ ಕಟ್ಟಿಕೊಂಡರು. ಆ ಬೀದಿಗೆ ಇಂದಿಗೂ ಸ್ಪೇನಿನವರ ಕೇರಿ ಎಂದೇ ಹೆಸರು. ಉಡುಪಿ ಹೋಟೆಲಿನವರ ಕಥೆ ಗೊತ್ತಿದ್ದವರಿಗೆ ಇದು ಪರಿಚಿತ ಎನಿಸೀತು. ಸಸ್ಯಾಹಾರಿಗಳಿಗೂ ಈ ಕಣಿವೆ ಅನುಕೂಲ: ಇಲ್ಲಿನ ಪಿಟ್ಸೊಕೆರಿ ಎಂಬುದು ಬಕ್‌ವೀಟ್ ಹಿಟ್ಟಿನ ಅಗಲ ಎಳೆಗಳನ್ನು ಆಲೂಗಡ್ಡೆ, ಎಲೆಕೋಸು, ಬೆಣ್ಣೆ, ಚೀಸ್ ಜೊತೆ ಬೇಯಿಸಿದ್ದು. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುವುದುಂಟು. ಕಟ್ಟುನಿಟ್ಟಿನವರು ಕೇಳಿ ತಿನ್ನಬೇಕು.

ಮೂರನೆಯ ಊರು ಕೆಳ ಎಂಗಾಡಿನ್ ಕಣಿವೆಯ ಗ್ವಾರ್ಡಾ. ನಿಲ್ದಾಣ ಕೆಳಗೆ, ಹಳ್ಳಿ ಸುಮಾರು ಇನ್ನೂರು ಮೀಟರ್ ಮೇಲೆ. ಹಳದಿ ಬಣ್ಣದ ಪೋಸ್ಟ್‌ಬಸ್ ಹತ್ತಿಸುತ್ತದೆ. ಮನೆಗಳ ದಪ್ಪ ಗೋಡೆಗಳ ಮೇಲೆ ಎರಡು ಪದರ ಗಾರೆ ಬಳಿದು, ಹಸಿಯಿರುವಾಗಲೇ ಮೇಲಿನ ಪದರವನ್ನು ಕೆರೆದು ಹೂಬಳ್ಳಿ, ಮೀನು, ಗೆರೆಗಳನ್ನು ಮೂಡಿಸಿದ್ದಾರೆ. ಗಂಟೆ ಹುಡುಕಿ ಹೊರಟ ಹುಡುಗನ ಕಥೆ ಹೇಳುವ, 1945ರಲ್ಲಿ ಬಂದ ‘ಶೆಲ್ಲನ್ ಉರ್ಸ್ಲಿ’ ಎಂಬ ಮಕ್ಕಳ ಪುಸ್ತಕದ ಊರು ಇದೇ. ಚಳಿಗಾಲವನ್ನು ಓಡಿಸಲು ಮಕ್ಕಳು ದನದ ಗಂಟೆ ಬಾರಿಸುತ್ತ ಮೆರವಣಿಗೆ ಹೋಗುವ ಹಬ್ಬ ಇಲ್ಲಿ ಈಗಲೂ ಮಾರ್ಚ್ 1ರಂದು ನಡೆಯುತ್ತದೆ.

ಬೇರೆ ಮಾರ್ಗಗಳೂ ಇವೆ. ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ಗೆ ಎಂಟು ತಾಸಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹೆಸರುವಾಸಿ, ಆದರೆ ಎಂಟು ತಾಸು ತೆರೆಯದ ಗಾಜಿನ ಹಿಂದೆ ಕೂರುವುದು ಎಲ್ಲರಿಗೂ ಒಗ್ಗದು. ಲೊಕಾರ್ನೊದಿಂದ ಇಟಲಿಯ ಡೊಮೊಡೊಸ್ಸೊಲಾಗೆ ಹೋಗುವ ಚೆಂಟೊವಾಲಿ ಮಾರ್ಗ 52 ಕಿಲೊಮೀಟರಿನಲ್ಲಿ 83 ಸೇತುವೆ ದಾಟುತ್ತದೆ, ಜನಸಂದಣಿ ಕಡಿಮೆ. ಗೊಟ್ಹಾರ್ಡ್‌ನಲ್ಲಿ 2016ರಲ್ಲಿ ತೆರೆದ 57 ಕಿಲೊಮೀಟರ್ ಸುರಂಗ ಬಿಟ್ಟು 1882ರ ಹಳೆಯ ಹಳಿ ಹಿಡಿದರೆ, ವಾಸನ್ ಹಳ್ಳಿಯ ಒಂದೇ ಇಗರ್ಜಿ ಮೂರು ಎತ್ತರದಲ್ಲಿ ಮೂರು ಸಲ ಕಾಣುತ್ತದೆ.

ಯಾವಾಗ ಹೋಗಬೇಕು ಎಂಬುದೇ ಯೋಜನೆಯ ಕಷ್ಟದ ಭಾಗ. ನಮ್ಮ ಬೇಸಿಗೆ ರಜೆಯ ಏಪ್ರಿಲ್–ಮೇ ಆ ಕಣಿವೆಗಳಿಗೆ ಅಂತರದ ಕಾಲ. ಹಿಮ ಆಟಕ್ಕೆ ಸಾಲದು, ನಡಿಗೆಗೆ ಹೆಚ್ಚು. ಹೋಟೆಲುಗಳು ಬಾಗಿಲು ಹಾಕಿರುತ್ತವೆ, ರೋಪ್‌ವೇಗಳು ದುರಸ್ತಿಯಲ್ಲಿರುತ್ತವೆ. ರೈಲು ಮಾತ್ರ ವರ್ಷಪೂರ್ತಿ ಓಡುತ್ತದೆ. ಜುಲೈ–ಆಗಸ್ಟ್ ಹವೆ ಚೆನ್ನ, ಜನ ಬಹಳ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ತಿಂಗಳು ಎಲ್ಲಕ್ಕಿಂತ ಮೇಲು. ಎಂಗಾಡಿನ್‌ನ ಲಾರ್ಚ್ ಮರಗಳು ಸೂಜಿಯೆಲೆ ಉದುರಿಸುವ ಮುನ್ನ ಅಕ್ಟೋಬರಿನಲ್ಲಿ ಹೊಂಬಣ್ಣಕ್ಕೆ ತಿರುಗುತ್ತವೆ. ಕರ್ನಾಟಕದ ಶಾಲೆಗಳ ದಸರಾ ರಜೆ ಅನೇಕ ವರ್ಷ ಇದಕ್ಕೇ ಹೊಂದಿ ಬರುತ್ತದೆ.

ಟಿಕೆಟ್ಟಿನ ಲೆಕ್ಕವೂ ಎರಡನೆಯ ಸಲ ಬದಲಾಗುತ್ತದೆ. ದಿನವೂ ಊರು ಬದಲಿಸುವವರಿಗೆ 3, 4, 6, 8 ಅಥವಾ 15 ದಿನದ ಸ್ವಿಸ್ ಟ್ರಾವೆಲ್ ಪಾಸ್ ಲಾಭ. ಅದು ಟಿರಾನೋವರೆಗೂ ನಡೆಯುತ್ತದೆ. ಒಂದೆಡೆ ಕುಳಿತು ಒಂದು ದಿನ ರೈಲು, ಒಂದು ದಿನ ನಡಿಗೆ ಎನ್ನುವವರಿಗೆ ಟಿಕೆಟ್ಟನ್ನು ಅರ್ಧ ಬೆಲೆಗೆ ಇಳಿಸುವ, ಒಂದು ತಿಂಗಳು ಬಾಳುವ ಹಾಫ್ ಫೇರ್ ಕಾರ್ಡ್ ಅಗ್ಗವಾಗಬಹುದು. ಎರಡನ್ನೂ ಕೂಡಿ ಕಳೆದು ನೋಡಿಯೇ ಕೊಳ್ಳಬೇಕು. ಹೆತ್ತವರೊಬ್ಬರ ಜೊತೆಗಿರುವ 16ರೊಳಗಿನ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಮೇಲೆ ಟಿಕೆಟ್ಟೇ ಬೇಡ.

ಗಾಡಿ ಬದಲಿಸಲು ಸಿಗುವುದು ಎಷ್ಟೋ ಕಡೆ ಐದಾರು ನಿಮಿಷ, ಆದ್ದರಿಂದ ಒಬ್ಬರಿಗೊಂದು ಸಣ್ಣ ಪೆಟ್ಟಿಗೆ ಸಾಕು. ನಿಲ್ದಾಣದಲ್ಲಿ ಹಳದಿ ಹಾಳೆ ಹೊರಡುವ ಗಾಡಿಗಳದು, ಬಿಳಿಯದು ಬರುವವುಗಳದು. ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು ಒಂದೂವರೆ ಸೆಕೆಂಡು ಮೊದಲೇ ಹನ್ನೆರಡಕ್ಕೆ ಬಂದು ನಿಂತು, ನಿಮಿಷದ ಮುಳ್ಳು ಹಾರಿದ ಮೇಲೆ ಮತ್ತೆ ಹೊರಡುತ್ತದೆ. ಗಾಡಿ ಹೊರಡುವುದೂ ಆ ನಿಮಿಷಕ್ಕೇ. ಭಾನುವಾರ ಹಳ್ಳಿಯ ಅಂಗಡಿಗಳು ಮುಚ್ಚಿರುವುದರಿಂದ ಹಾಲು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಬೇಕು.

ವೀಸಾ ವಿಷಯದಲ್ಲಿ ಮರುಪ್ರವಾಸಿಗಳಿಗೆ ಸ್ವಲ್ಪ ಅನುಕೂಲವಾಗಿದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಕೊಡಬಹುದು ಎಂಬ ನಿಯಮ 2024ರ ಏಪ್ರಿಲ್‌ನಲ್ಲಿ ಬಂತು. ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಟಿರಾನೋಗೆ ಹೋಗಿ ಬಂದರೆ ಒಂದು ಪ್ರವೇಶ ಖರ್ಚಾಗುವುದಿಲ್ಲ, ಎರಡೂ ಷೆಂಗೆನ್ ದೇಶಗಳೇ. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ.

ವಿಮಾನದ ಟಿಕೆಟ್ಟನ್ನು ಜ್ಯೂರಿಕ್‌ಗೆ ಹೋಗಿ ಮಿಲಾನ್‌ನಿಂದ ಮರಳುವಂತೆ ಕೊಂಡರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ಕೆಂಪು ಗಾಡಿ ಟಿರಾನೋ ಊರೊಳಗೆ ಟ್ರಾಮಿನಂತೆ ರಸ್ತೆಗಿಳಿದು, ಮರಿಯಮ್ಮನ ಬೆಸಿಲಿಕಾ ಎದುರಿನ ಚೌಕವನ್ನು ದಾಟಿ ನಿಲ್ದಾಣ ಸೇರುತ್ತದೆ. ಅದರ ಪಕ್ಕದಲ್ಲೇ ಇಟಲಿಯ ರೈಲು ನಿಲ್ದಾಣ. ಸ್ವಿಸ್ ಪಾಸ್ ಅಲ್ಲಿಗೆ ಮುಗಿಯುತ್ತದೆ, ಹೊಸ ಟಿಕೆಟ್ ಕೊಳ್ಳಬೇಕು. ಕೋಮೋ ಸರೋವರದ ದಡ ಹಿಡಿದು ಹೋಗುವ ಗಾಡಿ ಸುಮಾರು ಎರಡೂವರೆ ತಾಸಿನಲ್ಲಿ ಮಿಲಾನ್ ಸೆಂಟ್ರಲ್‌ಗೆ ಮುಟ್ಟಿಸುತ್ತದೆ. ಸರೋವರ ಕಾಣುವುದು ಬಲಗಡೆ.