ಸ್ಯಾಟರ್ನ್ ಮೈಯ ಏಣುಗಳು

ಚಂದ್ರನತ್ತ ಮನುಷ್ಯರನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್‌ನ ಮೈ ಪೂರ್ತಿ ನುಣುಪಲ್ಲ. ಅಲ್ಲಲ್ಲಿ ಅಗಲವಾದ ಪಟ್ಟಿಗಳಲ್ಲಿ ಸಾಲುಸಾಲಾಗಿ ಏಣುಗಳು ಎದ್ದಿವೆ. ಇವು ಅಂದಕ್ಕೆ ಬಂದವಲ್ಲ. ಟ್ಯಾಂಕುಗಳಿಗೆ ಒಳಗಿನ ಒತ್ತಡವೇ ಒಂದಿಷ್ಟು ಬಿಗಿ ಕೊಡುತ್ತದೆ. ಟ್ಯಾಂಕುಗಳ ನಡುವಿನ, ಹಂತಗಳ ನಡುವಿನ ಟೊಳ್ಳು ಭಾಗಗಳಿಗೆ ಆ ಅನುಕೂಲವಿಲ್ಲ. ಮೊದಲ ಹಂತದಲ್ಲಿ ಕೆಳಗೆ ಸೀಮೆಎಣ್ಣೆಯ ಟ್ಯಾಂಕ್, ಮೇಲೆ ದ್ರವ ಆಕ್ಸಿಜನ್ನಿನದು. ನಡುವಿನ ಬಳೆ ತನ್ನ ಮೇಲಿರುವುದನ್ನೆಲ್ಲ ಹೊರಬೇಕು. ಕುಗ್ಗದಿರಲಿ ಎಂದು ಅದಕ್ಕೆ ಏಣು.

ಅಳತೆಗೆ ತಕ್ಕ ಮಾದರಿ ಕಟ್ಟುವವರಿಗೆ ನಿಜವಾದ ಪರೀಕ್ಷೆ ಇಲ್ಲೇ. ಹಾರುವ ಮಾದರಿ ರಾಕೆಟ್‌ಗಳ ಹವ್ಯಾಸ 1950ರ ದಶಕದ ಅಮೆರಿಕದ್ದು. ನೆಬ್ರಾಸ್ಕದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಮದ್ದಿನ ಮೋಟಾರಿನ ಪುಟ್ಟ ರಾಕೆಟ್ ಮಾಡಿದರು. ವರ್ನ್ ಎಸ್ಟೆಸ್ ಅಂಥ ಮೋಟಾರುಗಳನ್ನು ಯಂತ್ರದಲ್ಲಿ ತಯಾರಿಸತೊಡಗಿದರು. ಅವರ ಎಸ್ಟೆಸ್ ಕಂಪನಿ ನೂರನೇ ಒಂದರ ಅಳತೆಯ ಸ್ಯಾಟರ್ನ್-5 ಕಿಟ್ಟನ್ನೂ ತಂದಿತು. 110 ಮೀಟರಿನ ರಾಕೆಟ್ ಅದರಲ್ಲಿ 110 ಸೆಂಟಿಮೀಟರ್. ಕೆಳಗಿನ ಎರಡು ಹಂತಗಳ ದಪ್ಪ ಸುಮಾರು 10 ಸೆಂಟಿಮೀಟರ್.

ಮಾದರಿಯ ಒಡಲು ಕಾಗದದ ಕೊಳವೆ. ಏಣುಗಳು ಬರುವುದು ತೆಳು ಪ್ಲಾಸ್ಟಿಕ್ ಹಾಳೆಗಳಲ್ಲಿ. ಬಿಸಿ ಮಾಡಿದ ಹಾಳೆಯನ್ನು ನಿರ್ವಾತದಿಂದ ಅಚ್ಚಿಗೆ ಎಳೆದು ಮಾಡಿರುತ್ತಾರೆ. ಹಗುರ ಸರಿ, ಹಾರಬೇಕಲ್ಲ! ಆದರೆ ಹಿಂಬದಿಯಲ್ಲಿ ಪ್ರತಿ ಏಣೂ ಪೊಳ್ಳು. ಅಂಟು ಹಿಡಿಯಲು ಸಿಗುವುದು ಏಣುಗಳ ನಡುವಿನ ತಗ್ಗಷ್ಟೇ.

ಯಾವ ಅಂಟು ಎಂಬುದೇ ಮೊದಲ ಗೊಂದಲ. ಕಾಗದಕ್ಕೂ ಮರಕ್ಕೂ ಒಗ್ಗುವ ಬಿಳಿ ಅಂಟು ನೀರು ಹೀರದ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯದು. ಪ್ಲಾಸ್ಟಿಕ್ ಆಟಿಕೆಗಳ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಪ್ಲಾಸ್ಟಿಕ್ಕಿಗೇ ಬೆಸೆಯುವಂಥದು. ಕಾಗದದ ಮೇಲೆ ಅದರ ಆಟ ಅಷ್ಟಾಗಿ ನಡೆಯದು. ನನ್ನ ಮತ ನಮ್ಮ ಬಡಗಿಗಳು ಸನ್‌ಮೈಕಾ ಅಂಟಿಸುವ ಬಗೆಯ ಅಂಟಿಗೆ: ಎರಡೂ ಕಡೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಅದುಮುವುದು. ದಪ್ಪಗೆ ಮೆತ್ತಿದರೆ ಅದರ ದ್ರಾವಕ ತೆಳು ಹಾಳೆಯನ್ನು ಸೊಟ್ಟಗಾಗಿಸುತ್ತದೆ.

ಇದರ ಪೇಚು ಒಂದೇ: ತಾಗಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಅದಕ್ಕೇ ಅಂಟು ಮುಟ್ಟುವ ಮೊದಲೇ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಸುತ್ತುಗೆರೆ, ಉದ್ದಗೆರೆ ಎರಡನ್ನೂ ಎಳೆಯುತ್ತಾರೆ. ಕೊಳವೆಯ ಹೊಳಪನ್ನು ಉಜ್ಜುಕಾಗದದಿಂದ ತೆಗೆದಿರಬೇಕು. ಹಾಳೆಯನ್ನು ಒಣದಾಗಿ ಸುತ್ತಿ ನೋಡಿ, ಹೆಚ್ಚಾದ ಅಂಚನ್ನು ಏಣಿನ ಮೇಲಲ್ಲ, ತಗ್ಗಿನಲ್ಲಿ ಕತ್ತರಿಸುತ್ತಾರೆ. ಅಂಚಿಗೆ ಅಂಚು ಕೂಡಿದಾಗ ಬೆಸುಗೆ ಎರಡು ಏಣುಗಳ ನೆರಳಿನಲ್ಲಿ ಅಡಗುತ್ತದೆ. ಅಂಟು ಆರಿದ ಮೇಲೆ ನಡುವೆ ಮೇಣದ ಕಾಗದ ಇಟ್ಟು, ಒಂದು ಅಂಚನ್ನಷ್ಟೇ ಗೆರೆಗೆ ಕೂರಿಸಿ, ಕಾಗದವನ್ನು ಇಷ್ಟಿಷ್ಟೇ ಎಳೆಯುತ್ತ ಉಳಿದದ್ದನ್ನು ಅದುಮುತ್ತ ಹೋಗುವುದು ವಾಸಿ. ಬಾಗಿದ ಹಾಳೆ ಮತ್ತೆ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ. ಬಿಡುವುದಿದ್ದರೆ ಮೊದಲು ಬೆಸುಗೆಯಲ್ಲೇ ಬಿಡುತ್ತದೆ. ಅಲ್ಲಿ ಅಂಟಿನ ಜಿಪುಣತನ ಸಲ್ಲ.

ಮೊದಲು ಬಣ್ಣ ಹೊಡೆದು ಆಮೇಲೆ ಸುತ್ತುವ ಅವಸರದವರೂ ಇದ್ದಾರೆ. ಆಗ ಅಂಟು ಹಿಡಿಯುವುದು ಕಾಗದವನ್ನಲ್ಲ, ಬಣ್ಣದ ಪದರವನ್ನು. ಅದು ಕಿತ್ತರೆ ಹೊದಿಕೆಯೂ ಕಿತ್ತುಬರುತ್ತದೆ.

ಸ್ಯಾಟರ್ನ್ ಮೈಯ ಕಪ್ಪು-ಬಿಳುಪು ಪಟ್ಟೆ ಇದ್ದದ್ದು ರಾಕೆಟ್ ತನ್ನ ಸುತ್ತ ಎಷ್ಟು ತಿರುಗಿತೆಂದು ಕ್ಯಾಮೆರಾಗಳಿಗೆ ತಿಳಿಯಲೆಂದು. ಮಾದರಿಯಲ್ಲಿ ಅದೇ ಪಟ್ಟೆ ಏಣುಗಳ ಮೇಲೆ ಹಾದುಹೋಗಬೇಕು, ಬಿಳಿಯನ್ನು ಮರೆಮಾಡಲು ಅಂಟಿಸಿದ ಟೇಪಿನಡಿ ಪ್ರತಿ ತಗ್ಗಿನಲ್ಲೂ ಕಪ್ಪು ನುಸುಳುತ್ತದೆ. ಟೇಪನ್ನು ಹಲ್ಲುಕಡ್ಡಿಯಿಂದ ತಗ್ಗುತಗ್ಗಿಗೂ ಒತ್ತಿ, ಅಂಚಿನ ಮೇಲೆ ಮೊದಲು ಇನ್ನೊಮ್ಮೆ ಬಿಳಿಯನ್ನೇ ಸಿಂಪಡಿಸುವುದು ಬಲ್ಲವರ ಉಪಾಯ. ನುಸುಳುವುದು ಆ ಬಿಳಿ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಅದು ಒಣಗಿದ ಮೇಲೆ ಕಪ್ಪು.