ಕಚ್ಚಿಕೊಂಡ ಗಾಲಿ

ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ಬಗೆಯನ್ನು ಹಳ್ಳಿಗಳಲ್ಲಿ ಕಂಡವರು ಬಲ್ಲರು. ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ಮರದ ಗಾಲಿಗೆ ತೊಡಿಸಿ, ಒಡನೆಯೇ ನೀರೆರೆಯುವನು. ತಣಿದ ಕಬ್ಬಿಣವು ಕುಗ್ಗಿ ಮರವನ್ನು ಗಟ್ಟಿಯಾಗಿ ಅಪ್ಪಿಕೊಳ್ಳುವುದು. ಅಲ್ಲಿ ಬಿಗಿತವೇ ಗುಣ. ಆದರೆ ಅದೇ ಗಾಲಿಯು ಬೇಕೆಂದಾಗ ಅಚ್ಚಿನಿಂದ ಕಳಚಿ ಬರಬೇಕು. ಆ ಸ್ಥಾನಕ್ಕೆ ಕೀಲೆಣ್ಣೆಯನ್ನು ಹಚ್ಚುವರು. ಕೂಡಿರಬೇಕಾದುದು ಕೂಡಿರಬೇಕು, ಕಳಚಬೇಕಾದುದು ಕಳಚಬೇಕು ಎಂಬ ಈ ವಿವೇಕವು ಮೋಟಾರು ಕಾರಿನ ಗಾಲಿಗೂ ಸಲ್ಲುತ್ತದೆ.

ಮಳೆಗಾಲದ ಒಂದು ಸಂಜೆ ಶಿರಾಡಿ ಘಾಟಿಯನ್ನೇರುತ್ತಿರುವ ಕಾರೊಂದರ ಟೈರು ಪಂಚರಾಯಿತೆನ್ನೋಣ. ಒಳಗೆ ಹೆಂಗಸರು, ಮಕ್ಕಳು ಕುಳಿತಿದ್ದಾರೆ. ಯಜಮಾನನು ಜಾಕನ್ನು ಏರಿಸಿ ನಟ್ಟುಗಳನ್ನೆಲ್ಲ ಬಿಚ್ಚಿದ್ದಾನೆ. ಆದರೂ ಗಾಲಿಯು ಕದಲುವುದಿಲ್ಲ. ಎಳೆದರೂ ಬಾರದು, ಒದ್ದರೂ ಬಾರದು. ಕತ್ತಲೆಯು ಕವಿದಂತೆ ಸಹನೆಯು ತೀರುತ್ತದೆ. ಸಹನೆಯು ತೀರಿದಲ್ಲಿ ಅಪಾಯವು ಮೊದಲಾಗುತ್ತದೆ. ಜಾಕಿನ ಮೇಲೆ ನಿಂತ ಕಾರನ್ನು ಬಲವಾಗಿ ಅಲುಗಿಸಿದರೆ ಜಾಕು ಜಾರಿ, ಸಾವಿರ ಕಿಲೋಗ್ರಾಮಿನ ಭಾರವು ಕೈಕಾಲುಗಳ ಮೇಲೆ ಕುಸಿಯಬಹುದು.

ನಟ್ಟುಗಳಿಲ್ಲದೆಯೂ ಗಾಲಿಯನ್ನು ಹಿಡಿದಿರುವ ಶಕ್ತಿ ಯಾವುದು? ಗಾಲಿಯ ನಡುವಿನ ರಂಧ್ರವು ಹಬ್ ಎಂಬ ಭಾಗದ ಮುಂಚಾಚಿದ ಉಂಗುರಕ್ಕೆ ಕೂದಲೆಳೆಯ ಅಂತರದಲ್ಲಿ ಕೂಡುವಂತೆ ರಚಿತವಾಗಿದೆ. ಈ ಕಿರಿದಾದ ಸಂದಿಯಲ್ಲಿ ನೀರು ನಿಂತರೆ ಕಬ್ಬಿಣವು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಸ್ಥಳವನ್ನು ಆಕ್ರಮಿಸುವುದರಿಂದ, ಸಂದಿಯು ತುಂಬಿ ಬೆಣೆ ಹೊಡೆದಂತಾಗುತ್ತದೆ.

ಗಾಲಿಯು ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದರೆ ಇನ್ನೊಂದು ಕಾರಣವೂ ಕೂಡುತ್ತದೆ. ಎರಡು ಭಿನ್ನ ಲೋಹಗಳು ಒಂದನ್ನೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಪವಾದ ವಿದ್ಯುತ್ಪ್ರವಾಹವು ಹುಟ್ಟುತ್ತದೆ. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಪ್ರಕಟಿಸಿದ ವಿದ್ಯುತ್ಕೋಶದ ತತ್ತ್ವವೂ ಇದಕ್ಕೆ ಸಮೀಪವಾದುದೇ. ಇಲ್ಲಿ ಅಲ್ಯೂಮಿನಿಯಮ್ಮು ಸವೆದು ಬಿಳಿಯ ಪುಡಿಯಾಗಿ ಸಂದಿಯಲ್ಲಿ ಗಟ್ಟಿಗೊಳ್ಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಮಂಗಳೂರು, ಉಡುಪಿಗಳಂಥ ಊರುಗಳಲ್ಲಿ ಈ ತೊಂದರೆಯು ಬಯಲುಸೀಮೆಗಿಂತ ಬೇಗನೆ ತಲೆದೋರುವುದು ಸಹಜ.

ಕಾರಣವನ್ನು ಅರಿತವನಿಗೆ ಉಪಾಯವೂ ಹೊಳೆಯುತ್ತದೆ. ಮೊದಲನೆಯದಾಗಿ, ಟೈರು ಹಾಳಾದರೂ ಚಿಂತೆಯಿಲ್ಲವೆಂದು ಕಾರನ್ನು ಮೆಲ್ಲಗೆ ಸಮತಟ್ಟಾದ, ವಾಹನಸಂಚಾರಕ್ಕೆ ಹೊರಗಾದ ಸ್ಥಳಕ್ಕೆ ತರಬೇಕು. ಒಳಗಿರುವವರನ್ನು ಇಳಿಸಿ, ಹ್ಯಾಂಡ್‌ಬ್ರೇಕು ಹಾಕಿ, ಉಳಿದ ಗಾಲಿಗಳಿಗೆ ಕಲ್ಲುಗಳನ್ನು ಒತ್ತುಕೊಡಬೇಕು. ನಟ್ಟುಗಳನ್ನು ಬಿಚ್ಚಿದ ಮೇಲೂ ಗಾಲಿಯು ಬಾರದಿದ್ದರೆ ಅವುಗಳನ್ನು ಮರಳಿ ತೊಡಿಸಿ, ಪೂರ್ತಿ ಬಿಗಿಯದೆ ಒಂದೆರಡು ಸುತ್ತು ಸಡಿಲವಾಗಿ ಬಿಡಬೇಕು. ಅನಂತರ ಜಾಕನ್ನು ಇಳಿಸಬೇಕು. ಆಗ ಕಾರಿನ ಭಾರವೇ ತುಕ್ಕಿನ ಹಿಡಿತವನ್ನು ಒಡೆಯತೊಡಗುತ್ತದೆ. ಸಾಲದಿದ್ದರೆ ಕಲ್ಲುಗಳನ್ನು ತೆಗೆದು, ಕಾರನ್ನು ಒಂದೆರಡು ಅಡಿ ಮಾತ್ರ ಅತಿ ಮೆಲ್ಲನೆ ಹಿಂದುಮುಂದಾಗಿ ಚಲಿಸಿ ಬ್ರೇಕು ಒತ್ತಬೇಕು. ಟಕ್ಕೆಂಬ ಸದ್ದು ಕೇಳಿದರೆ ಗಾಲಿಯು ಬಿಟ್ಟಿತೆಂದು ತಿಳಿಯಬಹುದು. ಸಡಿಲವಾದ ನಟ್ಟುಗಳು ಗಾಲಿಯು ಕಳಚಿ ಬೀಳದಂತೆ ಕಾಯುತ್ತವೆ. ಮರಳಿ ಜಾಕು ಹಾಕುವ ಮುನ್ನ ಹ್ಯಾಂಡ್‌ಬ್ರೇಕನ್ನೂ ಕಲ್ಲುಗಳನ್ನೂ ಮರೆಯಲಾಗದು.

ಇದಕ್ಕೂ ಜಗ್ಗದ ಗಾಲಿಯ ನಡುವಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಮಿತವಾಗಿ ಬಿಟ್ಟು ಕಾಲು ಗಂಟೆ ಕಾಯಬೇಕು. ಎಣ್ಣೆಯು ಬ್ರೇಕಿಗೆ ತಾಗಕೂಡದು. ರಿಮ್ಮಿಗೆ ಸುತ್ತಿಗೆಯಿಂದ ಬಡಿಯುವುದು, ಬೆಂಕಿಯಿಂದ ಕಾಯಿಸುವುದು, ಕಾರಿನ ಅಡಿಗೆ ನುಸುಳುವುದು ಇವು ಮೂರೂ ಸರ್ವಥಾ ವರ್ಜ್ಯ. ಬಡಿದರೆ ರಿಮ್ಮು ಸೀಳೀತು, ಕಾಯಿಸಿದರೆ ಟೈರು ಸಿಡಿದೀತು, ನುಸುಳಿದರೆ ಪ್ರಾಣಕ್ಕೇ ಕುತ್ತು. ಅಷ್ಟರ ಮೇಲೂ ಗಾಲಿಯು ಬಾರದಿದ್ದಲ್ಲಿ ಮೆಕ್ಯಾನಿಕ್ಕನನ್ನು ಕರೆಸುವುದೇ ಲೇಸು; ಅದರಲ್ಲಿ ನಾಚಿಕೆಗೆ ಎಡೆಯಿಲ್ಲ.

ಕಳಚಿದ ಮೇಲಿನ ಕೆಲಸವೂ ಮುಖ್ಯವಾದುದೇ. ಹಬ್ಬಿನ ಉಂಗುರವನ್ನೂ ಗಾಲಿಯು ಕೂಡುವ ಮುಖವನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಉಂಗುರಕ್ಕೆ ಮಾತ್ರ ತೆಳುವಾಗಿ ಗ್ರೀಸನ್ನು ಸವರಬೇಕು. ನಟ್ಟು ಕೂಡುವ ತಿರುಪುಗಳಿಗೆ ಸವರಲಾಗದು. ನಟ್ಟುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದೆಂಬ ಕ್ರಮದಲ್ಲಿ, ಕಾರಿನ ಕೈಪಿಡಿಯು ಹೇಳುವಷ್ಟು ಮಾತ್ರ ಬಿಗಿಯಬೇಕು. ನೂರು ಕಿಲೋಮೀಟರು ಸಾಗುವುದರೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಸುಮಾರು 10,000 ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನವನ್ನು ಬದಲಿಸುವವರಿಗೆ ತುಕ್ಕು ಬಲಿಯುವ ಮುನ್ನವೇ ಅದನ್ನು ಅಳಿಸುವ ಅವಕಾಶವೂ ತಾನಾಗಿ ಒದಗುತ್ತದೆ.

ಘಾಟಿಯಲ್ಲಿ ಕಚ್ಚಿಕೊಂಡ ಗಾಲಿಯು ಆ ಸಂಜೆ ಕಚ್ಚಿಕೊಂಡುದಲ್ಲ. ಹಲವು ಮಳೆಗಾಲಗಳ ಅಲಕ್ಷ್ಯವು ಅಲ್ಲಿ ಕೂಡಿತ್ತು. ಬಂಡಿ ಹೂಡುವ ಮುನ್ನ ಕೀಲೆಣ್ಣೆಯನ್ನು ನೋಡುತ್ತಿದ್ದ ಒಕ್ಕಲಮಗನ ಎಚ್ಚರವು ಕಾರಿನ ಒಡೆಯನಿಗೂ ಇದ್ದರೆ, ದಾರಿಯಲ್ಲಿ ಬಲಪ್ರಯೋಗದ ಪ್ರಸಂಗವೇ ಬಾರದು.